ವರೂರಿನ ಲಾರಿ, ಮಾರಿಷಸ್‌ನ ರೊಕ್ಕ

ಚಿಗರಿ ಬಸ್ಸಿನಲ್ಲಿ ನಿಂತ್ಕೊಂಡು ಕೇಳ್ತಾ ಇದ್ರೆ ಒಂದು ಕೈ ಕಂಬದ ಮೇಲಿರಲಿ. ಇವತ್ತಿನ ಕಂತು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟೋದರೊಳಗೆ ಮುಗಿಯುತ್ತೆ. ಬ್ರೇಕ್ ಹಾಕಿದಾಗ ಮಾತ್ರ ಹುಷಾರು.

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಗೆಳೆಯನೊಬ್ಬ ಹನ್ನೆರಡು ಪುಟದ ಪಿಡಿಎಫ್ ಕಳಿಸಿದ. ಜೊತೆಗೆ ಒಂದೇ ಸಾಲು: "ದೋಸ್ತ, ಇದನ್ನ ಓದಿ ಹೇಳು, ತಗೊಳ್ಳೋದೋ ಬ್ಯಾಡೋ." ಇವನು ಗೋಕುಲ ರೋಡಿನ ಒಂದು ಬಿಲ್ಡಿಂಗ್‌ನ ಎರಡನೇ ಮಹಡಿಯಲ್ಲಿ ಸಣ್ಣ ಕಂಪನಿ ನಡೆಸ್ತಾನೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಒಂದೋ ಎರಡೋ ಲಾರಿ ಇಟ್ಕೊಂಡಿರೋ ಮಾಲೀಕರಿಗೆ ವಾಪಸ್ ಬರುವಾಗ ಖಾಲಿ ಬರದ ಹಾಗೆ ಬಾಡಿಗೆ ಹುಡುಕಿಕೊಡೋ ಆ್ಯಪ್ ಅದು. ಸಿಂಗಾಪುರದ ಒಂದು ಫಂಡ್ ಇವನ ಕಂಪನಿಯಲ್ಲಿ ರೊಕ್ಕ ಹಾಕೋದಕ್ಕೆ ತಯಾರಿದೆ. ಆ ಪಿಡಿಎಫ್ ಅಂದ್ರೆ ಟರ್ಮ್ ಶೀಟ್, ಮದುವೆಗೆ ಮೊದಲಿನ ಮಾತುಕತೆ ಇದ್ದ ಹಾಗೆ.

ನಾನು ಲೆಕ್ಕಪತ್ರದವನಲ್ಲ. ಇತಿಹಾಸ ಓದಿದವನು. "ನನಗೇನು ಗೊತ್ತಾಗುತ್ತೋ ಇದರಾಗ" ಅಂದೆ. ಅದಕ್ಕೆ ಅವನು ಹೇಳಿದ್ದು ಕೇಳಿ ನಿದ್ದೆ ಹಾರಿಹೋಯ್ತು. ಅವನ ಅಪ್ಪ ಅಮರಗೋಳ ಎಪಿಎಂಸಿಯಲ್ಲಿ ಅಡತಿ ಅಂಗಡಿ ಇಟ್ಟವರು, ನಾನು ಕಾಕಾ ಅಂತ ಕರೀತೀನಿ. ಕಾಕಾ ಹನ್ನೆರಡು ಪುಟ ಓದ್ಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರಂತೆ: "ಕೊಡೋದು ತಿಳೀತು. ಹೊಳ್ಳಿ ಯಾವಾಗ ಒಯ್ತಾರ? ಹೆಂಗ್ ಒಯ್ತಾರ?"

ಇವತ್ತಿನ ಕಂತು ಪೂರ್ತಿ ಕಾಕಾನ ಈ ಪ್ರಶ್ನೆ ಮೇಲೆ. ಯಾಕಂದ್ರೆ ನಮ್ಮ ಊರಿಗೆ ದೂರದ ದೇಶದ ರೊಕ್ಕ ಬಂದದ್ದು ಇದೇ ಮೊದಲಲ್ಲ. ನೂರಾ ಅರವತ್ತು ವರ್ಷದ ಹಿಂದೆ ಒಮ್ಮೆ ಬಂದಿತ್ತು. 2012ರಲ್ಲಿ ಮತ್ತೊಮ್ಮೆ ಬಂತು. ಒಂದು ಸಲ ರೊಕ್ಕ ಹಾಕಿದವರು ಮುಳುಗಿದ್ರು, ಇನ್ನೊಂದು ಸಲ ನಗ್ತಾ ಹೋದ್ರು.

ಮೊದಲು ಈ ಪ್ರೈವೇಟ್ ಇಕ್ವಿಟಿ, ವೆಂಚರ್ ಕ್ಯಾಪಿಟಲ್ ಅಂದ್ರೇನು ಅನ್ನೋದನ್ನ ಹಳ್ಳಿ ಲೆಕ್ಕದಲ್ಲಿ ಹೇಳಿಬಿಡ್ತೀನಿ. ಬ್ಯಾಂಕ್ ಸಾಲ ಎಲ್ಲರಿಗೂ ಗೊತ್ತು: ಬಡ್ಡಿ, ಕಂತು, ಕಟ್ಟದಿದ್ರೆ ಜಪ್ತಿ. ಇದು ಅದಲ್ಲ. ಇದು ಪಾಲಿಗೆ ಆಡು ಸಾಕೋದು. ನಿಮ್ಮ ಹತ್ರ ಹುಲ್ಲಿದೆ, ಕಾಯೋದಕ್ಕೆ ಮೈಯಲ್ಲಿ ಶಕ್ತಿ ಇದೆ, ಆಡಿಲ್ಲ. ಊರಲ್ಲೊಬ್ಬರು ಆಡು ಕೊಡ್ತಾರೆ. ನೀವು ಸಾಕ್ತೀರಿ. ಮರಿ ಆದ್ರೆ ಇಬ್ಬರಿಗೂ ಪಾಲು. ಆಡು ಸತ್ರೆ ಬಡ್ಡಿ ಕೊಡು ಅಂತ ಯಾರೂ ಬಾಗಿಲಿಗೆ ಬರಲ್ಲ. ವೆಂಚರ್ ಕ್ಯಾಪಿಟಲ್‌ನವರು ಹತ್ತು ಮನೆಗೆ ಎಳೇ ಮರಿ ಕೊಟ್ಟು, ಒಂದಾದ್ರೂ ದೊಡ್ಡ ಹಿಂಡಾಗ್ಲಿ ಅಂತ ಕಾಯೋರು. ಪ್ರೈವೇಟ್ ಇಕ್ವಿಟಿಯವರು ಈಗಾಗಲೇ ಹಿಂಡು ಇರೋ ಮನೆಗೇ ಬಂದು ಪಾಲು ಕೇಳೋರು.

ಇಲ್ಲೀವರೆಗೆ ಚಂದ. ಆದ್ರೆ ಟರ್ಮ್ ಶೀಟ್‌ನಲ್ಲಿ ಹಳ್ಳಿಯ ಒಪ್ಪಂದದಲ್ಲಿ ಇಲ್ಲದ ಮೂರು ಮಾತಿರ್ತಾವೆ. ಹಿಂಡು ಮಾರಿದ ದಿನ ಮೊದಲು ನನ್ನ ಆಡಿನ ಬೆಲೆ ನನಗೆ, ಆಮೇಲೆ ಪಾಲು. ಇಷ್ಟು ವರ್ಷದೊಳಗೆ ನನ್ನ ಪಾಲು ಮಾರೋದಕ್ಕೆ ದಾರಿ ಆಗಲೇಬೇಕು. ಆಗದಿದ್ರೆ ನಾನು ಗಿರಾಕಿ ತರ್ತೀನಿ, ನನ್ನ ಜೊತೆ ನಿನ್ನ ಆಡುಗಳನ್ನೂ ನೀನು ಮಾರಬೇಕು. ನನ್ನ ಗೆಳೆಯನ ಹಾಳೆಯಲ್ಲಿ ಆ ಅವಧಿ ಐದು ವರ್ಷ.

ಅವರು ಕೆಟ್ಟವರು ಅಂತಲ್ಲ. ಅದು ಅವರ ಸ್ವಂತ ರೊಕ್ಕವೂ ಅಲ್ಲ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ವಿಶ್ವವಿದ್ಯಾಲಯದ ದತ್ತಿಗಳು, ಶ್ರೀಮಂತ ಮನೆತನಗಳು ಇವರ ಕೈಗೆ ಕೊಟ್ಟಿರ್ತಾರೆ, ಸಾಮಾನ್ಯವಾಗಿ ಹತ್ತು ವರ್ಷದ ಗಡುವಿಗೆ. ಮೊದಲ ನಾಲ್ಕೈದು ವರ್ಷ ಹಾಕೋದು, ಉಳಿದ ವರ್ಷ ತೆಗೆಯೋದು. ಅಂದ್ರೆ ನಿಮ್ಮ ಹತ್ರ ಬರೋ ಮನುಷ್ಯನ ಬೆನ್ನ ಹಿಂದೆ ಇನ್ನೊಬ್ಬ ಗಡಿಯಾರ ಹಿಡ್ಕೊಂಡು ನಿಂತಿರ್ತಾನೆ.

ಈಗ 1860ಕ್ಕೆ ಹೋಗೋಣ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬಟ್ಟೆ ಗಿರಣಿಗಳು ಆಗ ಅಮೆರಿಕದ ಹತ್ತಿ ಮೇಲೆ ಬದುಕಿದ್ದವು. ಅಲ್ಲಿ ಗುಲಾಮಗಿರಿ ವಿಷಯಕ್ಕೆ ಉತ್ತರ ದಕ್ಷಿಣ ಕಾದಾಡೋ ಲಕ್ಷಣ ಕಾಣ್ತಿತ್ತು. ಯುದ್ಧ ಆದ್ರೆ ಹತ್ತಿ ಎಲ್ಲಿಂದ ತರೋದು? ಅವರ ಕಣ್ಣು ಬಿದ್ದದ್ದು ನಮ್ಮ ಎರಿ ಹೊಲಗಳ ಮೇಲೆ. ಅದಕ್ಕೆ ಕಾರಣ ಇತ್ತು. 1840ರ ದಶಕದಿಂದಲೇ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸೋ ಪ್ರಯೋಗ ನಡೆದು, ಬೇರೆ ಕಡೆ ಎಲ್ಲ ಸೋತರೂ ಇಲ್ಲಿ ಹಿಡಿದಿತ್ತು. ಮಾರುಕಟ್ಟೆಯಲ್ಲಿ ಅದರ ಹೆಸರೇ ಧಾರವಾಡ್‌-ಅಮೆರಿಕನ್.

ಹತ್ತಿ ಇತ್ತು. ಸಮುದ್ರಕ್ಕೆ ಒಯ್ಯೋದು ಹೆಂಗೆ ಅನ್ನೋದು ತಲೆನೋವು. ಹುಬ್ಬಳ್ಳಿ ಸುತ್ತಿನ ಅರಳೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಅಲ್ಲಿಂದ ಮುಂಬೈಗೆ ಹಡಗೇರ್ತಿತ್ತು. ಅದಕ್ಕೇ ನಮ್ಮ ದೇಸಿ ಹತ್ತಿಗೆ ಜಗತ್ತೆಲ್ಲ "ಕುಮಟಾ ಹತ್ತಿ" ಅಂತ ಹೆಸರು. ಕುಮಟಾದಲ್ಲಿ ಒಂದು ಕಾಯೂ ಬೆಳೆದದ್ದಲ್ಲ! ಬೆಳೆದವರ ಹೆಸರು ಹೋಗಿ ಸಾಗಿಸಿದ ಜಾಗದ ಹೆಸರು ನಿಂತಿತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1860ರಲ್ಲಿ ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಷೇರು ಹಣ ಕೂಡಿಸಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದ್ರು. ಧಾರವಾಡ ಸೀಮೆಯಲ್ಲಿ ಹತ್ತಿ ಕೊಳ್ಳೋದು, ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರೋ ಸದಾಶಿವಗಡದ ಹತ್ರ ಒತ್ತಿ ಬೇಲು ಮಾಡಿ ನೇರ ಇಂಗ್ಲೆಂಡಿಗೆ ಕಳಿಸೋದು, ಇದು ಪ್ಲ್ಯಾನ್. ಇವತ್ತಿನ ಭಾಷೆಯಲ್ಲಿ ಅದೊಂದು ಸ್ಟಾರ್ಟಪ್ಪೇ. ದೊಡ್ಡ ಮಾರುಕಟ್ಟೆ ಇದೆ, ಮಧ್ಯದವರನ್ನು ತೆಗೀತೀವಿ, ಸರ್ಕಾರ ರಸ್ತೆ ಮಾಡಿಕೊಡ್ತೀನಿ ಅಂದಿದೆ. ಈಗಿನ ಪಿಚ್ ಡೆಕ್ಕುಗಳಲ್ಲೂ ಇವೇ ಮೂರು ಸ್ಲೈಡು ಇರ್ತಾವೆ, ಬೇಕಿದ್ರೆ ನೋಡಿ.

ಕಂಪನಿಯವರು ಬಂದು ನೋಡಿದ್ರೆ ಬಂದರು ತಯಾರಿಲ್ಲ. ಘಟ್ಟದ ರಸ್ತೆ ಮುಗಿದಿಲ್ಲ. ಇಂಗ್ಲೆಂಡಿನಿಂದ ಬಂದ ಭಾರೀ ಒತ್ತುಯಂತ್ರಗಳನ್ನ ಇಳಿಸೋದಕ್ಕೇ ಸರಿಯಾದ ವ್ಯವಸ್ಥೆ ಇಲ್ಲ. ಕಂಪನಿ ಲಂಡನ್ ಸರ್ಕಾರಕ್ಕೆ ದೂರಿನ ಮೇಲೆ ದೂರು ಬರೀತು. ಮ್ಯಾಂಚೆಸ್ಟರಿನ ಕೂಗು ಎಷ್ಟು ಜೋರಿತ್ತು ಅಂದ್ರೆ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ವರ್ಗ ಆಗೋದರ ಹಿಂದಿನ ಕಾರಣಗಳಲ್ಲಿ ಈ ಹತ್ತಿ ಬಂದರಿನ ಒತ್ತಾಯವೂ ಒಂದು. ಹೂಡಿಕೆದಾರರ ಒತ್ತಡಕ್ಕೆ ಜಿಲ್ಲೆ ಒಂದು ಪ್ರಾಂತ್ಯ ಬದಲಾಯಿಸಿತು, ರಸ್ತೆ ಮಾತ್ರ ಸಮಯಕ್ಕೆ ಆಗ್ಲಿಲ್ಲ. ನಮ್ಮ ಕಡೆ ಕೆಲವು ವಿಷಯ ಬದಲಾಗಲ್ಲ ಬಿಡಿ.

ಅಮೆರಿಕದ ಯುದ್ಧ 1861ರಲ್ಲಿ ಶುರುವಾಯ್ತು. ಹತ್ತಿ ಬೆಲೆ ಆಕಾಶಕ್ಕೆ ಏರಿತು. ಇಂಥ ಸುಗ್ಗಿಯ ಕಾಲದಲ್ಲಿ ಕೂಡ ಈ ಕಂಪನಿ ಬಹಳ ವರ್ಷ ಬಾಳಲಿಲ್ಲ, ಬಾಗಿಲು ಹಾಕಿತು. ಹಳೇ ದಾರಿಯಲ್ಲೇ ನಡೆದ ದಲಾಲರು, ಗಾಡಿಯವರು ದುಡಿದ್ರು. ಯುದ್ಧ 1865ರಲ್ಲಿ ಮುಗೀತು, ಬೆಲೆ ಕುಸೀತು, ಮುಂಬೈಯಲ್ಲಿ ಹತ್ತಿ ರೊಕ್ಕದ ಮೇಲೆ ಕಟ್ಟಿದ್ದ ಷೇರು ಹುಚ್ಚು ಒಂದೇ ಬೇಸಿಗೆಯಲ್ಲಿ ಬಿದ್ದು ಬ್ಯಾಂಕುಗಳೇ ಮುಳುಗಿದ್ವು.

ಮ್ಯಾಂಚೆಸ್ಟರಿನವರಿಗೆ ಒಳಗೆ ಬರೋ ಲೆಕ್ಕ ಇತ್ತು. ಕಾಕಾ ಕೇಳಿದ "ಹೊಳ್ಳಿ ಹೆಂಗ್ ಒಯ್ತಾರ" ಅನ್ನೋದಕ್ಕೆ, ಅವರ ವಿಷಯದಲ್ಲಿ ಅಕ್ಷರಶಃ, ರಸ್ತೆಯೇ ಇರಲಿಲ್ಲ.

ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಅದಕ್ಕೂ ಲಂಡನ್ ಷೇರುದಾರರ ರೊಕ್ಕವೇ, ಆದ್ರೆ ಈ ಸಲ ಅವರು ಜಾಣರಾಗಿದ್ರು. ಸರ್ಕಾರದಿಂದ ಗ್ಯಾರಂಟಿ ಬಡ್ಡಿ ಬರೆಸಿಕೊಂಡೇ ಬಂದ್ರು. ರೈಲು ಓಡ್ಲಿ ಬಿಡ್ಲಿ, ಅವರಿಗೆ ಬರೋದು ಬರ್ತಿತ್ತು. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇನ್ನೊಂದು ದಾರಿ: ಹೊರಗಿನವರ ಹಂಗೇ ಬೇಡ, ನಮ್ಮ ರೊಕ್ಕ ನಮ್ಮೊಳಗೇ ತಿರುಗ್ಲಿ. ಅದರ ಬಗ್ಗೆ ಬೇರೆ ಕಂತು ಮಾಡ್ತೀನಿ, ಅದು ಈ ಬಸ್ಸಿನಲ್ಲಿ ಹಿಡಿಸಲ್ಲ.

ಅದೇ ಗದಗಿನಿಂದ ಈಗ ಲಾರಿ ಹೊರಡುತ್ತೆ.

ಬಿ.ಜಿ. ಸಂಕೇಶ್ವರ ಅಂದ್ರೆ ನಮ್ಮ ಮನೆಗಳಲ್ಲಿ ಡಿಕ್ಷನರಿ. ಆ ಪ್ರಕಾಶನ ಮನೆತನದ ಮಗ ವಿಜಯ ಸಂಕೇಶ್ವರ, ಅಚ್ಚಿನ ಮನೆ ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿ ಇಟ್ಕೊಂಡು ಸಾಗಣೆಗೆ ಇಳಿದ್ರು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಅಂತ ಹರಡಿ, 1983ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಕಂಪನಿ ಆಯ್ತು. ಇವತ್ತು ವಿಆರ್‌ಎಲ್ ಕೇಂದ್ರ ಇರೋದು ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ಹೊರಟರೆ ಸಿಗೋ ವರೂರಿನಲ್ಲಿ. ಸಣ್ಣವನಿದ್ದಾಗ ಅಪ್ಪನ ಜೊತೆ ಬಸ್ಸಿನಲ್ಲಿ ಹೋಗೋವಾಗ ಕಿಟಕಿಯಿಂದ ವಿಆರ್‌ಎಲ್ ಲಾರಿ ಎಣಿಸೋದು ನಮ್ಮ ಆಟ. ಶಿಗ್ಗಾಂವಿ ಬರೋಷ್ಟರಲ್ಲಿ ಲೆಕ್ಕ ತಪ್ತಿತ್ತು.

ಲಾರಿ ಧಂದೆಯಲ್ಲಿ ಎರಡು ಜಾತಿ. ಒಂದು, ಇಡೀ ಲಾರಿ ಒಬ್ಬನೇ ಗಿರಾಕಿಗೆ: ಸಿಮೆಂಟ್ ಫ್ಯಾಕ್ಟರಿ ಕರೀತು, ತುಂಬಿತು, ಹೋಯ್ತು. ಗಿರಾಕಿ ದೊಡ್ಡವನು, ರೇಟ್ ಅವನೇ ಹೇಳ್ತಾನೆ. ಇನ್ನೊಂದು, ಪಾರ್ಸೆಲ್: ಒಬ್ಬರ ನಾಲ್ಕು ಡಬ್ಬ, ಇನ್ನೊಬ್ಬರ ಎರಡು ಮೂಟೆ, ಮತ್ತೊಬ್ಬರ ಒಂದು ಮೋಟರ್ ಸೈಕಲ್, ಎಲ್ಲ ಸೇರಿಸಿ ಒಂದು ಲಾರಿ. ಇದಕ್ಕೆ ಊರೂರಿಗೆ ಗೋಡೌನ್ ಬೇಕು, ನಡುವೆ ಇಳಿಸಿ ಹತ್ತಿಸೋ ಕೇಂದ್ರಗಳು ಬೇಕು, ಗುಮಾಸ್ತರು ಬೇಕು, ಹಮಾಲರು ಬೇಕು. ರಗಳೆ ಬಹಳ. ಆದ್ರೆ ನಾಲ್ಕು ಡಬ್ಬ ಕಳಿಸೋನು ರೇಟಿಗೆ ಜಗ್ಗಾಡೋ ಶಕ್ತಿ ಇರೋನಲ್ಲ, ಒಬ್ಬ ಹೋದ್ರೆ ಧಂದೆ ಬೀಳಲ್ಲ. ವಿಆರ್‌ಎಲ್ ಹಿಡಿದದ್ದು ಈ ಎರಡನೇದನ್ನ. ಅದೂ ಬಾಡಿಗೆ ಲಾರಿಯಲ್ಲಿ ಅಲ್ಲ, ಸ್ವಂತ ಲಾರಿಯಲ್ಲಿ. ಬಾಡಿ ಕಟ್ಟೋದು, ರಿಪೇರಿ ಮಾಡೋದು ಎಲ್ಲ ವರೂರಿನಲ್ಲೇ. 1860ರಲ್ಲಿ ಸಾಗಿಸೋ ವ್ಯವಸ್ಥೆ ಇಲ್ಲದೆ ರೊಕ್ಕ ಮುಳುಗಿದ ಅದೇ ಸೀಮೆಯಲ್ಲಿ ಒಬ್ಬರು ಸಾಗಿಸೋದನ್ನೇ ಧಂದೆ ಮಾಡ್ಕೊಂಡ್ರು ನೋಡಿ.

ಇನ್ನೊಂದು ವಿಷಯವನ್ನ ಜನ ಗಮನಿಸಲ್ಲ. ಪ್ರೈವೇಟ್ ಇಕ್ವಿಟಿ ಬರೋ ಮೊದಲೇ ಸಂಕೇಶ್ವರರಿಗೆ ಕಟ್ಟಿದ್ದನ್ನ ಮಾರೋ ಅನುಭವ ಇತ್ತು. 1999ರಲ್ಲಿ ವಿಜಯ ಕರ್ನಾಟಕ ಪತ್ರಿಕೆ ಶುರು ಮಾಡಿ, ಅದು ರಾಜ್ಯದ ದೊಡ್ಡ ಪತ್ರಿಕೆಗಳ ಸಾಲಿಗೆ ಬಂದ ಮೇಲೆ 2006ರಲ್ಲಿ ಟೈಮ್ಸ್ ಗುಂಪಿಗೆ ಮಾರಿದ್ರು. ಕೊಳ್ಳೋನು ಏನು ನೋಡ್ತಾನೆ, ಕಾಗದದಲ್ಲಿ ಏನೇನು ಬರೆಸ್ತಾನೆ ಅನ್ನೋದು ಅವರಿಗೆ ಪುಸ್ತಕದ ವಿದ್ಯೆ ಆಗಿರಲಿಲ್ಲ.

2012ರಲ್ಲಿ ನ್ಯೂ ಸಿಲ್ಕ್ ರೂಟ್ ಅನ್ನೋ ಪ್ರೈವೇಟ್ ಇಕ್ವಿಟಿ ಸಂಸ್ಥೆ ನೂರು ಕೋಟಿ ರೂಪಾಯಿಗೂ ಮೀರಿ ವಿಆರ್‌ಎಲ್‌ನಲ್ಲಿ ಹಾಕಿ, ಸುಮಾರು ಐದರಲ್ಲೊಂದು ಪಾಲು ತಗೊಂಡಿತು. ಹೆಸರು ನೋಡಿ, ರೇಷ್ಮೆ ದಾರಿ! ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯರು ಕಟ್ಟಿದ ಫಂಡ್ ಅದು. ಅದರ ಸಂಸ್ಥಾಪಕರಲ್ಲೊಬ್ಬರಾದ ರಜತ್ ಗುಪ್ತಾ ಅದೇ 2012ರ ಜೂನ್‌ನಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಒಳಗುಟ್ಟಿನ ಷೇರು ವ್ಯವಹಾರದ ಕೇಸಿನಲ್ಲಿ ತಪ್ಪಿತಸ್ಥರು ಅಂತ ತೀರ್ಮಾನ ಆಯ್ತು. ವಿಆರ್‌ಎಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೂ, ರೊಕ್ಕ ಯಾರ ಕೈಯಿಂದ ಬಂತು ಅಂತ ಹಿಂದೆ ಹಿಂದೆ ಹೋದ್ರೆ ಕಥೆ ಎಲ್ಲೆಲ್ಲೋ ಮುಟ್ಟುತ್ತೆ ಅನ್ನೋದಕ್ಕೆ ಹೇಳಿದೆ.

ಷೇರು ಇದ್ದದ್ದು ಫಂಡಿನ ಮಾರಿಷಸ್ ಕಂಪನಿಯ ಹೆಸರಿನಲ್ಲಿ. ಮಾರಿಷಸ್ ಯಾಕೆ? ಭಾರತ ಮತ್ತು ಮಾರಿಷಸ್ ನಡುವೆ 1982ರ ತೆರಿಗೆ ಒಪ್ಪಂದ ಇತ್ತು. ಆ ದ್ವೀಪದ ಕಂಪನಿ ಭಾರತದ ಷೇರು ಮಾರಿ ಲಾಭ ಮಾಡಿದ್ರೆ ಇಲ್ಲಿ ಆ ಲಾಭದ ಮೇಲೆ ತೆರಿಗೆ ಬೀಳ್ತಿರಲಿಲ್ಲ. ಆಮೇಲೆ ಸಿಂಗಾಪುರಕ್ಕೂ ಅಂಥದ್ದೇ ಅನುಕೂಲ ಸಿಕ್ಕಿತು. 2016ರಲ್ಲಿ ಎರಡೂ ಒಪ್ಪಂದ ತಿದ್ದಿ, 2017ರ ಏಪ್ರಿಲ್ 1ರ ನಂತರ ಕೊಂಡ ಷೇರುಗಳಿಗೆ ಆ ಬಾಗಿಲು ಮುಚ್ಚಿದ್ರು. ದೇಶಕ್ಕೆ ಬಂದ ವಿದೇಶಿ ಬಂಡವಾಳದ ಪಟ್ಟಿಯಲ್ಲಿ ಆ ಪುಟ್ಟ ದ್ವೀಪ ವರ್ಷಗಟ್ಟಲೆ ಮೇಲೆ ಕೂತಿದ್ದರ ಗುಟ್ಟು ಇದೇ. ಕುಮಟಾ ಹತ್ತಿ ನೆನಪಿದೆಯಲ್ಲ? ರೊಕ್ಕಕ್ಕೂ ಹಂಗೇ, ಹುಟ್ಟಿದೂರಿನ ಹೆಸರು ಹೋಗಿ ಹಡಗೇರಿದೂರಿನ ಹೆಸರು ಉಳಿಯುತ್ತೆ.

ಈಗ ಕಾಕಾನ ಪ್ರಶ್ನೆ. ಹೊಳ್ಳಿ ಹೆಂಗ್ ಒಯ್ದ್ರು?

2015ರ ಏಪ್ರಿಲ್‌ನಲ್ಲಿ ವಿಆರ್‌ಎಲ್ ಐಪಿಒ ಬಂತು. ಷೇರಿಗೆ 195ರಿಂದ 205 ರೂಪಾಯಿ. ಒಟ್ಟು ಸುಮಾರು 468 ಕೋಟಿ ರೂಪಾಯಿ. ಇದರಲ್ಲಿ ಕಂಪನಿಗೆ ಅಂತ ಬಂದದ್ದು 117 ಕೋಟಿ ಮಾತ್ರ, ಹೊಸ ಲಾರಿಗೆ ಮತ್ತು ಸಾಲ ತೀರಿಸೋದಕ್ಕೆ. ಉಳಿದದ್ದು ಹಳೇ ಷೇರುದಾರರು ತಮ್ಮ ಪಾಲು ಮಾರಿದ್ದು, ಅದರಲ್ಲಿ ಸಿಂಹಪಾಲು ನ್ಯೂ ಸಿಲ್ಕ್ ರೂಟ್‌ನದು. ಪೇಪರ್‌ನಲ್ಲಿ "ಹುಬ್ಬಳ್ಳಿ ಕಂಪನಿಗೆ 468 ಕೋಟಿ" ಅಂತ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಮುಕ್ಕಾಲು ಪಾಲು ಕಂಪನಿಗೆ ಬರಲೇ ಇಲ್ಲ, ಅದು ಹೊರಗೆ ಹೋಗೋ ರೊಕ್ಕ ಅಂತ ತಿಳಿದದ್ದು ಬಹಳ ದಿನದ ಮೇಲೆ. ಮುಂದೆ ಯಾವುದೇ ಐಪಿಒ ಸುದ್ದಿ ಓದಿದ್ರೂ ಮೊದಲು ಇದೊಂದನ್ನ ನೋಡಿ: ಹೊಸ ಷೇರು ಎಷ್ಟು, ಹಳಬರು ಮಾರ್ತಿರೋದು ಎಷ್ಟು.

ಹೊರಗೆ ಹೋದದ್ದು ತಪ್ಪಾ? ಇಲ್ಲ. ಇದ್ದ ಷೇರಿಗಿಂತ 70 ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. ಏಪ್ರಿಲ್ 30ರಂದು ಪೇಟೆಗೆ ಬಂದ ಷೇರು ಶುರುವಾದದ್ದೇ 288 ರೂಪಾಯಿಗೆ. ಫಂಡ್ ಮೂರು ವರ್ಷದಲ್ಲಿ ಬಹುಪಾಲು ಕೈ ತೊಳ್ಕೊಂಡಿತು. ಸಂಕೇಶ್ವರ ಮನೆತನದ ಹತ್ರ ಆಮೇಲೂ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಉಳೀತು. ಯಾರೂ ಯಾರನ್ನೂ ತಳ್ಳಲಿಲ್ಲ. ನನ್ನ ಪ್ರಕಾರ ಇದಕ್ಕೆ ಕಾರಣ ಸರಳ: ರೊಕ್ಕ ಬರೋ ಹೊತ್ತಿಗೆ ವಿಆರ್‌ಎಲ್ 36 ವರ್ಷದ ಧಂದೆ. ಸಾವಿರಾರು ಲಾರಿ, ದಿನಾ ಕೈಗೆ ಬರೋ ಬಾಡಿಗೆ. ಫಂಡಿನವರು ಹೋಗೋ ದಾರಿ ಅವರು ಬರೋ ಮೊದಲೇ ತಯಾರಿತ್ತು.

ಆದ್ರೆ ಒಬ್ಬ ಪಾಲುದಾರ ಹೋಗಿ ಲಕ್ಷ ಪಾಲುದಾರರು ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ಆರೇ ತಿಂಗಳಲ್ಲಿ ಪರೀಕ್ಷೆ ಬಂತು. 2015ರ ನವೆಂಬರ್‌ನಲ್ಲಿ, ಪ್ರವರ್ತಕರು ಸ್ವಂತವಾಗಿ ವಿಮಾನ ಕಂಪನಿ ಶುರು ಮಾಡೋ ಯೋಚನೆಯಲ್ಲಿದ್ದಾರೆ, ವಿಆರ್‌ಎಲ್ ಹೆಸರು ಬಳಸ್ತಾರೆ ಅನ್ನೋ ಸುದ್ದಿ ಹೊರಬಿತ್ತು. ಲಿಸ್ಟ್ ಆದ ಕಂಪನಿಯ ರೊಕ್ಕ ಅದಕ್ಕೆ ಹೋಗಲ್ಲ ಅಂತ ಹೇಳಿದ್ರೂ ಪೇಟೆ ಕೇಳಲಿಲ್ಲ. ಷೇರು ಒಂದೇ ದಿನ 20 ಪರ್ಸೆಂಟ್ ಹತ್ತಿರ ಬಿತ್ತು. ಕೆಲವು ತಿಂಗಳಲ್ಲೇ ಆ ಯೋಜನೆ ಕೈಬಿಟ್ರು. 1976ರಲ್ಲಿ ಲಾರಿ ಕೊಳ್ಳೋವಾಗ ಅವರು ಮನೆಯವರನ್ನಷ್ಟೇ ಒಪ್ಪಿಸಬೇಕಿತ್ತು. 2015ರಲ್ಲಿ ಯಾವುದೋ ಊರಲ್ಲಿ ಮೊಬೈಲ್ ಹಿಡ್ಕೊಂಡು ಕೂತ ಅಪರಿಚಿತನೂ ಬೇಡ ಅನ್ನಬಹುದಾಗಿತ್ತು. ವಿಮಾನ ಹಾರಿದ್ರೆ ಏನಾಗ್ತಿತ್ತೋ, ಹುಬ್ಬಳ್ಳಿಯವನಾಗಿ ನನಗೆ ಸ್ವಲ್ಪ ಬೇಜಾರೇ ಆಯ್ತು.

ಇದೇ ನ್ಯೂ ಸಿಲ್ಕ್ ರೂಟ್ ಕರ್ನಾಟಕದಲ್ಲಿ ಇನ್ನೊಂದು ಕಡೆಯೂ ರೊಕ್ಕ ಹಾಕಿತ್ತು. 2010ರಲ್ಲಿ ಕೆಕೆಆರ್ ಮತ್ತು ಸ್ಟ್ಯಾಂಡರ್ಡ್ ಚಾರ್ಟರ್ಡ್‌ನ ಫಂಡ್ ಜೊತೆ ಸೇರಿ ಕಾಫಿ ಡೇನಲ್ಲಿ, ಒಟ್ಟು ಸುಮಾರು 20 ಕೋಟಿ ಡಾಲರ್. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರ ಕಂಪನಿಯೂ 2015ರಲ್ಲೇ ಪೇಟೆಗೆ ಬಂತು. ಅದರ ಷೇರು ಮೊದಲ ದಿನವೇ ಕೆಳಗಿಳೀತು. 2019ರ ಜುಲೈನಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು, ನೇತ್ರಾವತಿ ಸೇತುವೆ ಹತ್ತಿರ ಅವರು ಕಾಣೆಯಾದ್ರು, ಎರಡು ದಿನದ ಮೇಲೆ ಶವ ಸಿಕ್ಕಿತು. ಅವರ ಹೆಸರಿನಲ್ಲಿದ್ದ ಪತ್ರದಲ್ಲಿ, ಒಬ್ಬ ಪ್ರೈವೇಟ್ ಇಕ್ವಿಟಿ ಪಾಲುದಾರರು ಷೇರು ವಾಪಸ್ ಕೊಳ್ಳುವಂತೆ ಒತ್ತಡ ಹಾಕ್ತಿದ್ದಾರೆ ಅನ್ನೋ ಮಾತಿತ್ತು. ಯಾರು ಅಂತ ಹೆಸರಿರಲಿಲ್ಲ, ನಾವೂ ಊಹಿಸೋದು ಬೇಡ. 2020ರ ತನಿಖಾ ವರದಿ ಹೇಳಿದ್ದು ಬೇರೆ ದಿಕ್ಕಿನ ಮಾತು: ಸಿದ್ಧಾರ್ಥ ಅವರ ಖಾಸಗಿ ಎಸ್ಟೇಟ್ ಕಂಪನಿಯಿಂದ ಕಾಫಿ ಡೇ ಗುಂಪಿನ ಕಂಪನಿಗಳಿಗೆ 2,693 ಕೋಟಿ ರೂಪಾಯಿ ಬರಬೇಕಿತ್ತು ಅಂತ. ಸಾಲ, ಪಾಲು, ಸ್ವಂತದ್ದು, ಕಂಪನಿದು ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿತ್ತು. ಪಾಲಿನ ರೊಕ್ಕ ಸಾಲದ ಹಾಗಲ್ಲ ಅಂತ ಆಗ ಹೇಳಿದೆನಲ್ಲ, ವಾಪಸ್ ಕೊಳ್ತೀನಿ ಅಂತ ಮಾತು ಕೊಟ್ಟ ದಿನ ಅದೂ ಸಾಲವೇ ಆಗುತ್ತೆ. ಅದನ್ನ ಟರ್ಮ್ ಶೀಟ್‌ನಲ್ಲಿ ಸಾಲ ಅಂತ ಬರೆದಿರಲ್ಲ, ಅಷ್ಟೇ.

ಇನ್ನು ಸಿಂಗಾಪುರದ ಫಂಡ್ ವಿಷಯ. ವಿಆರ್‌ಎಲ್‌ಗೆ ರೊಕ್ಕ ಬಂದ ಅದೇ 2012ರಲ್ಲಿ ಕ್ವಾಲಾಲಂಪುರದಲ್ಲಿ ಗ್ರ್ಯಾಬ್ ಶುರುವಾಯ್ತು. ಟ್ಯಾಕ್ಸಿ ಕರೆಯೋ ಆ್ಯಪ್, ಆಗಿನ ಹೆಸರು ಮೈಟ್ಯಾಕ್ಸಿ. ಇಂಡೋನೇಷ್ಯಾದ ಗೋಜೆಕ್ 2010ರಲ್ಲಿ ಇಪ್ಪತ್ತು ಬೈಕ್ ಸವಾರರು ಮತ್ತು ಒಂದು ಕಾಲ್ ಸೆಂಟರ್ ಇಟ್ಕೊಂಡು ಶುರುವಾದದ್ದು. ವಿಆರ್‌ಎಲ್ ಲಾರಿ ಕೊಂಡು ಬೆಳೀತು, ಇವು ಬಹುಪಾಲು ಸ್ವಂತ ಗಾಡಿ ಕೊಳ್ಳದೆ ಬೆಳೆದ್ವು. ಗಾಡಿ ಬಹುಪಾಲು ಬೇರೆಯವರದು, ಆ್ಯಪ್ ಇವರದು, ರಿಯಾಯಿತಿಗೆ ಸುರಿದ ರೊಕ್ಕ ಹೂಡಿಕೆದಾರರದು. 2018ರಲ್ಲಿ ಉಬರ್ ಆ ಸೀಮೆಯ ತನ್ನ ಧಂದೆಯನ್ನ ಗ್ರ್ಯಾಬ್‌ಗೆ ಕೊಟ್ಟು ಹೊರಟೇಹೋಯ್ತು. ಆಮೇಲೆ ಹೋಗೋ ದಾರಿಯ ಪ್ರಶ್ನೆ ಬಂತು. 2021ರ ಡಿಸೆಂಬರ್‌ನಲ್ಲಿ ಸುಮಾರು 4,000 ಕೋಟಿ ಡಾಲರ್ ಬೆಲೆ ಕಟ್ಟಿ ಗ್ರ್ಯಾಬ್ ಅಮೆರಿಕದ ಪೇಟೆಗೆ ಬಂತು, ಮೊದಲ ದಿನವೇ ಐದರಲ್ಲೊಂದು ಪಾಲು ಬೆಲೆ ಕಳ್ಕೊಂಡಿತು. ಗೋಜೆಕ್ ಸೇರಿಕೊಂಡ ಗೋಟು ಕಂಪನಿ 2022ರ ಏಪ್ರಿಲ್‌ನಲ್ಲಿ 338 ರುಪಿಯಾಕ್ಕೆ ಷೇರು ಮಾರಿತು, ಮುಂದೆ ಅದು ನೂರರ ಕೆಳಗೆ ಹೋಯ್ತು. ಬಾಂಡುಂಗ್‌ನ ಇಫಿಶರಿ ಅಂತ, ಮೀನಿಗೆ ತಾನೇ ಮೇವು ಹಾಕೋ ಯಂತ್ರದಿಂದ ಶುರುವಾದ ಕಂಪನಿ, ದೊಡ್ಡ ದೊಡ್ಡ ಫಂಡುಗಳ ಕಣ್ಮಣಿ. ಅದರ ಲೆಕ್ಕದಲ್ಲಿ ವರಮಾನ ಭಾರೀ ಉಬ್ಬಿಸಿದ್ದಾರೆ ಅನ್ನೋ ತನಿಖೆಯ ಸುದ್ದಿ 2025ರ ಶುರುವಿನಲ್ಲಿ ಹೊರಬಿತ್ತು.

ಹೀಗಾಗಿ 2021ರಲ್ಲಿ ತುದಿ ಮುಟ್ಟಿದ ಆಗ್ನೇಯ ಏಷ್ಯಾದ ಹೂಡಿಕೆ ಆಮೇಲೆ ಇಳೀತಾ ಬಂತು. ಅಲ್ಲಿನ ಫಂಡುಗಳ ದೊಡ್ಡ ಕಷ್ಟ ಈಗ ರೊಕ್ಕ ಹಾಕೋದಲ್ಲ, ತೆಗೆಯೋದು. ಹತ್ತು ವರ್ಷದ ಗಡಿಯಾರ ಓಡ್ತಿದೆ, ಕೊಳ್ಳೋರು ಕಡಿಮೆ, ಪೇಟೆ ನಂಬಲ್ಲ. ಮುಂಬೈ ಪೇಟೆಯಲ್ಲಿ ಮಾತ್ರ ಐಪಿಒ ಮೇಲೆ ಐಪಿಒ ಬಂದ್ವು. ಸಿಂಗಾಪುರದವರಿಗೆ ಗೋಕುಲ ರೋಡಿನ ಎರಡನೇ ಮಹಡಿ ಚಂದ ಕಾಣೋದಕ್ಕೆ ಇದೂ ಒಂದು ಕಾರಣ ಇರಬೇಕು ಅನ್ನೋದು ನನ್ನ ಅಂದಾಜು. ಇಲ್ಲಿ ಬಾಗಿಲು ತೆರೆದಿದೆ.

ಹುಬ್ಬಳ್ಳಿಗೆ ಈ ಆಟದ ಇನ್ನೊಂದು ಬದಿಯೂ ಗೊತ್ತು. ಬಿವಿಬಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1981ರಲ್ಲಿ ಗಂಡನಿಗೆ ಕೊಟ್ಟ 10,000 ರೂಪಾಯಿ ಕಥೆ ನಿಮಗೆ ಬಾಯಿಪಾಠ ಇದೆ. ಅವರ ತಂಗಿಯ ಗಂಡ, ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ವೆಂಚರ್ ಕ್ಯಾಪಿಟಲ್ ರೊಕ್ಕದಲ್ಲಿ ಕಟ್ಟಿದ ಸೈಕಮೋರ್ ನೆಟ್‌ವರ್ಕ್ಸ್ 1999ರ ಅಕ್ಟೋಬರ್‌ನಲ್ಲಿ 38 ಡಾಲರ್‌ಗೆ ಪೇಟೆಗೆ ಬಂದು ಅದೇ ದಿನ 184ಕ್ಕೆ ಮುಟ್ಟಿತು. ಮುಂದೆ ಡಾಟ್‌ಕಾಮ್ ಗುಳ್ಳೆ ಒಡೀತು, 2013ರಲ್ಲಿ ಆ ಕಂಪನಿಯನ್ನೇ ಮುಚ್ಚಿದ್ರು. ವಿಮಾನ ನಿಲ್ದಾಣದ ಎದುರು ಅವರ ಫೌಂಡೇಶನ್ ಇದೆ, ಅಲ್ಲಿ ಈಗ ನಮ್ಮ ಹುಡುಗರು ಪಿಚ್ ಮಾಡೋದು ಕಲೀತಾರೆ.

ಇದನ್ನೆಲ್ಲ ನಾನು ಗೆಳೆಯನಿಗೆ ಹೇಳೋಷ್ಟರಲ್ಲಿ ರಾತ್ರಿ ಎರಡು ಗಂಟೆ. ಅವನು ನಡುವೆ ಎರಡು ಸಲ "ಲೇ, ಮ್ಯಾಂಚೆಸ್ಟರ್ ಬಿಡು, ನನ್ನ ವಿಷಯಕ್ಕ ಬಾ" ಅಂದ. ಅವನ ವಿಷಯ ಹೀಗಿದೆ: ಮ್ಯಾಂಚೆಸ್ಟರ್‌ನವರ ಹಾಗೆ ಅವನ ರಸ್ತೆ ಇನ್ನೂ ಮುಗಿದಿಲ್ಲ. ವಿಆರ್‌ಎಲ್ ಹಾಗೆ 36 ವರ್ಷ ಆಗಿಲ್ಲ, ನಾಲ್ಕೇ ವರ್ಷ. ಲಾಭ ಬಂದದ್ದು ಕಳೆದ ವರ್ಷದ ಎರಡು ತಿಂಗಳು, ಮೆಣಸಿನಕಾಯಿ ಸೀಸನ್‌ನಲ್ಲಿ. ರೊಕ್ಕ ತಗೊಳ್ಳದಿದ್ರೆ ಹದಿನಾಲ್ಕು ಜನರ ಪಗಾರ ಇನ್ನೆಷ್ಟು ತಿಂಗಳು ಎಳೀಬಹುದು ಅಂತ ಅವನಿಗೂ ಗೊತ್ತು, ನನಗೂ ಹೇಳಿದ.

ಬ್ಯಾಡ ಅನ್ನೋ ಧೈರ್ಯ ನನಗಿರಲಿಲ್ಲ. ತಗೋ ಅಂತಲೂ ಬಾಯಿ ಬರಲಿಲ್ಲ. ಐದು ವರ್ಷವನ್ನ ಎಂಟು ಮಾಡ್ತಾರಾ ಕೇಳು ಅಂದೆ, ಮತ್ತೆ ನೀನು ಮಾರಲೇಬೇಕು ಅನ್ನೋ ಸಾಲಿಗೆ ಕನಿಷ್ಠ ಇಷ್ಟು ಬೆಲೆ ಬಂದ್ರೆ ಮಾತ್ರ ಅಂತ ಸೇರಿಸೋದಕ್ಕೆ ಒಬ್ಬ ಒಳ್ಳೇ ವಕೀಲರನ್ನ ಹಿಡಿ ಅಂದೆ.

ಮೊನ್ನೆ ಫೋನ್ ಮಾಡಿದ್ದ. ಬೆಲೆಯ ಮಾತಿಗೆ ಒಪ್ಪಿದ್ದಾರಂತೆ. ವರ್ಷ ಐದರಿಂದ ಏಳಾಗಿದೆ, ಎಂಟಕ್ಕೆ ಒಪ್ಪಲಿಲ್ಲ. ಇನ್ನೂ ಸಹಿ ಹಾಕಿಲ್ಲ. ಫಂಡಿನವರು ಮುಂದಿನ ವಾರ ಹುಬ್ಬಳ್ಳಿಗೆ ಬರ್ತಿದ್ದಾರೆ, ಆಫೀಸ್ ನೋಡೋದಕ್ಕೆ. ಕಾಕಾ ಅವರನ್ನ ಮೊದಲು ಅಮರಗೋಳದ ಅಂಗಡಿಗೆ ಕರ್ಕೊಂಡು ಬಾ ಅಂದಿದ್ದಾರಂತೆ, ಚಹಾಕ್ಕೆ.